ಮೂರು ಕಾರು, ಒಂದು ಮೊಳ ಮಲ್ಲಿಗೆ

ಕಾರಿನ ವಿಷಯದಲ್ಲಿ ನಮ್ಮ ಸೋದರಮಾವನಷ್ಟು ತಿಳಿದವರು ಕೂಡ್ಲಿಗಿಯಲ್ಲಿ ಇನ್ನೊಬ್ಬರಿಲ್ಲ. ಅವರ ಹತ್ತಿರ ಕಾರಿಲ್ಲ ಅನ್ನುವುದು ಬೇರೆ ಮಾತು! ಇರುವುದು ಒಂದು ಹಿಟ್ಟಿನ ಗಿರಣಿ, ಒಂದು ಹಳೇ ಮೊಪೆಡ್ಡು, ಮತ್ತು ಒಂದೇ ಕಂಪನಿಯ ಮೂರು ಕಾರುಗಳ ಬಗ್ಗೆ ಮುಗಿಯದ ಅನುಮಾನ. ಮೂರೂ ಹಿಂದೆ ಡಿಕ್ಕಿ ಇರುವ, ಸಂಸಾರಸ್ಥರ ಕಾರುಗಳು: ಸಣ್ಣದು, ನಡುವಿನದು, ದೊಡ್ಡದು. ಯಾವುದು ಚೆನ್ನಾಗಿ ಎಳೆಯುತ್ತದೆ, ಯಾವುದು ಕಡಿಮೆ ಕುಡಿಯುತ್ತದೆ? ಬೇರೆಯವರಾಗಿದ್ದರೆ ಶೋರೂಮಿನಲ್ಲಿ ಕೇಳಿ ಒಂದನ್ನು ತಂದುಬಿಡುತ್ತಿದ್ದರು. ಕಂಪನಿಯವರು ಹೇಳುವ ಮೈಲೇಜು ಗಂಡಿನ ಕಡೆಯವರು ಹೇಳುವ ಸಂಬಳವಿದ್ದಂತೆ, ನಂಬಬಾರದು ಅನ್ನುವುದು ಮಾವನ ವಾದ.

ಕಾರು ಬೇಕಿದ್ದದ್ದು ಅತ್ತೆಗೆ. ಅವರ ಅಕ್ಕ ಇರುವುದು ಇಟ್ಟಿಗಿಯಲ್ಲಿ. ಅಲ್ಲಿಗೆ ಮೂರು ಬಸ್ಸು ಹತ್ತಿ ಇಳಿಯಬೇಕು. ಅತ್ತೆಯ ಮೊಣಕಾಲುಗಳು ಒಂದೇ ಬಸ್ಸಿಗೆ ಸುಸ್ತಾಗುತ್ತಿದ್ದವು. "ಯಾವುದಾದ್ರೂ ತಗಳ್ರಿ. ಅಕ್ಕನ್ನ ನೋಡಿ ಬರಂಗಾದ್ರ ಸಾಕು," ಅಂದಿದ್ದರು. ಮಾವ ಒಪ್ಪಿದರು. ಒಪ್ಪಿ, ಪರೀಕ್ಷೆ ಶುರುಮಾಡಿದರು!

ಕೂಡ್ಲಿಗಿಯಿಂದ ಕೊಟ್ಟೂರು, ಹರಪನಹಳ್ಳಿ, ಇಟ್ಟಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಮತ್ತೆ ಕೂಡ್ಲಿಗಿ. ಇದು ಪರೀಕ್ಷೆಯ ದಾರಿ. ಮೂರು ಕಾರಿಗೂ ಒಂದೇ ದಾರಿ, ಒಂದೇ ಭಾರ, ಒಂದೇ ಹವಾ ಇರಬೇಕಂತೆ. ಭಾರಕ್ಕಾಗಿ ಮಾವ, ಅತ್ತೆ, ನಾನು ಮೂವರೂ ಗಿರಣಿಯ ಕಾಟಾದ ಮೇಲೆ ಜೋಳದ ಚೀಲದಂತೆ ನಿಂತು ತೂಗಿಸಿಕೊಂಡೆವು. ತೂಕವನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದರು. ಹಿಟ್ಟು ಹಾಕಿಸಲು ಬಂದ ಹೆಂಗಸರೆಲ್ಲ ತನ್ನ ತೂಕ ಓದುತ್ತಾರೆಂದು ಅತ್ತೆ ಒಂದು ವಾರ ಗಿರಣಿಯ ಕಡೆ ಹಾಯಲಿಲ್ಲ.

ಇನ್ನು ಹವಾ? ಅದಕ್ಕಾಗಿ ವರ್ಷಕ್ಕೆ ಒಂದೇ ಕಾರು, ಸಂಕ್ರಾಂತಿಯಾದ ಎರಡನೇ ಭಾನುವಾರ! ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು ಓಡಿಸಿದರೆ ಅದು ಹೋಲಿಕೆಯೇ ಅಲ್ಲ ಎಂದರು. ಮೂರು ಕಾರಿಗೆ ಮೂರು ಸಂಕ್ರಾಂತಿ. ಅತ್ತೆ ನನ್ನ ಮುಖ ನೋಡಿದರು, ನಾನು ಸೂರು ನೋಡಿದೆ.

ಮೊದಲ ವರ್ಷ ನನ್ನ ಸಣ್ಣ ಕಾರು. ಸ್ಟಿಯರಿಂಗ್ ನನ್ನ ಕೈಯಲ್ಲಿ, ನನ್ನ ಕಾಲು ಮಾವನ ಹುಕುಮಿನಲ್ಲಿ. ಎಸಿ ಹಾಕುವಂತಿಲ್ಲ, ಪೆಟ್ರೋಲು ಕುಡಿಯುತ್ತದೆ. ಗ್ಲಾಸು ಇಳಿಸುವಂತಿಲ್ಲ, ಗಾಳಿ ಗಾಡಿಯನ್ನು ಹಿಡಿದು ಎಳೆಯುತ್ತದೆ. ಕೊಟ್ಟೂರು ಮುಟ್ಟುವಷ್ಟರಲ್ಲಿ ಮೂವರೂ ಪಡ್ಡಿನ ಹಾಗೆ ಬೆಂದಿದ್ದೆವು. ಹರಪನಹಳ್ಳಿ ದಾಟಿದ ಮೇಲೆ ಪಿಕಪ್ಪಿನ ಪರೀಕ್ಷೆ: ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಬೇಕು, ಮಾವ ಗಡಿಯಾರ ನೋಡಬೇಕು. "ತಡಿ, ಎದುರಿಗೆ ಬರಾಕತ್ಯಾರ, ತಡಿ," ಅನ್ನುತ್ತಲೇ ಇದ್ದರು. ಕೊನೆಗೆ ಆ ಟ್ರ್ಯಾಕ್ಟರು ತನ್ನ ಊರು ಬಂತೆಂದು ತಿರುಗಿಕೊಂಡು ಹೋಯಿತು!

ಇಟ್ಟಿಗಿಯಲ್ಲಿ ಅತ್ತೆಗೆ ಹದಿನೈದು ನಿಮಿಷ ರಜೆ. ಅಕ್ಕತಂಗಿಯರು ಒಳಗೆ ಒಂದು ವರ್ಷದ ಮಾತಿನ ಗಂಟು ಬಿಚ್ಚುತ್ತಿದ್ದರೆ ಮಾವ ಹೊರಗೆ ಕಾರಿನಲ್ಲೇ ಕೂತು ವಾಚು ನೋಡುತ್ತಿದ್ದರು. ಹಡಗಲಿಯಲ್ಲಿ ಅತ್ತೆ ಒಂದು ಮೊಳ ಮಲ್ಲಿಗೆ ಕೊಂಡರು. ನಡುದಾರಿಯಲ್ಲಿ ಭಾರ ಹೆಚ್ಚಿಸಿದಳೆಂದು ಮಾವ ಸಿಡುಕಿದರು. ಅತ್ತೆ ಹೂ ಮುಡಿಯುತ್ತ ಶಾಂತವಾಗಿ ಹೇಳಿದರು: "ಹೂವಿನ ಭಾರಕ್ಕ ನಿಲ್ಲೋ ಗಾಡಿ ಆದ್ರ ಅದನ್ನ ತಗಳಾದ ಬ್ಯಾಡ್ರಿ."

ಊರಿಗೆ ಮರಳಿ ಟ್ಯಾಂಕು ಭರ್ತಿ ಮಾಡಿಸುವಾಗ ಮಾವ ಕಾರನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸಿದರು, ಒಳಗಿನ ಗಾಳಿ ಹೋಗಲೆಂದು. ಬಂಕಿನವರು ಈಗಲೂ ನನ್ನನ್ನು ಕಂಡರೆ ಅಲುಗಾಡಿಸಬೇಕೇ ಎಂದು ಕೇಳುತ್ತಾರೆ.

ಎರಡನೇ ವರ್ಷ ಬೀಜದಂಗಡಿಯವರಿಂದ ಕೇಳಿ ತಂದ ನಡುವಿನ ಕಾರು. ಅದೇ ಬೇಗೆ, ಅದೇ ಹದಿನೈದು ನಿಮಿಷ, ಅದೇ ಒಂದು ಮೊಳ ಹೂವು. ಯಾವುದು ಚಲೋ ಐತಿ ಎಂದು ಅತ್ತೆ ಕೇಳಿದರೆ, "ಮೂರೂ ಮುಗೀಲಿ, ಹೇಳ್ತೀನಿ," ಅಂದರು ಮಾವ.

ಮೂರನೆಯ ಸಂಕ್ರಾಂತಿಗೆ ಅತ್ತೆ ಇರಲಿಲ್ಲ. ದೀಪಾವಳಿಯ ಹಿಂದೆಮುಂದೆ ಬಂದ ಜ್ವರ ನಾಲ್ಕೇ ದಿನದಲ್ಲಿ ಅವರನ್ನು ಕರೆದೊಯ್ದಿತ್ತು. ಈ ಕಾರಿನ ಹುಚ್ಚು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಸಂಕ್ರಾಂತಿಯ ಮಾರನೆ ದಿನ ಮಾವನ ಫೋನು: "ಎರಡನೇ ಭಾನುವಾರ ಬಾರಪಾ. ಗ್ಯಾರೇಜಿನ ರಫೀಕ ದೊಡ್ಡ ಕಾರು ಕೊಡ್ತಾನ."

ಹೋದೆ. ಗಿರಣಿಯಲ್ಲಿ ಮಾವ ಒಂದು ಚೀಲಕ್ಕೆ ಜೋಳ ತುಂಬುತ್ತಿದ್ದರು. ಕಾಟಾ ನೋಡುತ್ತಾರೆ, ಗೋಡೆ ನೋಡುತ್ತಾರೆ, ಒಂದು ಬೊಗಸೆ ಹಾಕುತ್ತಾರೆ, ಅರ್ಧ ಬೊಗಸೆ ತೆಗೆಯುತ್ತಾರೆ. ಗೋಡೆಯ ಮೇಲೆ ಅತ್ತೆಯ ತೂಕ ಹಾಗೇ ಇತ್ತು. ಚೀಲವನ್ನು ಹಿಂದಿನ ಸೀಟಿನಲ್ಲಿ ಅತ್ತೆ ಕೂರುತ್ತಿದ್ದ ಕಡೆಯೇ ಇಬ್ಬರೂ ಎತ್ತಿ ಇಟ್ಟೆವು. ನನಗೆ ಅಳು ಬಂತು. ಬೆಲ್ಟು ಹಾಕುವ ನೆವದಲ್ಲಿ ಮುಖ ತಿರುಗಿಸಿದೆ.

ಇಟ್ಟಿಗಿಯಲ್ಲಿ ಮಾವ ಮೊದಲ ಸಲ ಕಾರಿನಿಂದ ಇಳಿದು ಒಳಗೆ ಹೋದರು. ಅತ್ತೆಯ ಅಕ್ಕ ಕೊಟ್ಟ ಚಹಾ ಕುಡಿದರು. ಹದಿನೈದು ನಿಮಿಷ ಯಾವಾಗಲೋ ಆಗಿಹೋಗಿತ್ತು, ಅವರು ವಾಚು ನೋಡಲಿಲ್ಲ. ಹಡಗಲಿಯಲ್ಲಿ ನಿಲ್ಲಿಸು ಎಂದು ಇಳಿದು, ತಾವೇ ಒಂದು ಮೊಳ ಮಲ್ಲಿಗೆ ತಂದು ಚೀಲದ ಮೇಲೆ ಇಟ್ಟರು.

"ಹೋದ ಎರಡೂ ಸಲ ಇತ್ತಲಪಾ," ಅಂದರು. "ಫರಕ ಆಗಬಾರದು."

ಕೂಡ್ಲಿಗಿಯ ಬಂಕಿನಲ್ಲಿ ಟ್ಯಾಂಕು ಭರ್ತಿಯಾಯಿತು. ಈ ಸಲ ಕಾರನ್ನು ನಾನೇ ಅಲುಗಾಡಿಸಿದೆ. ಮಾವ ಅಂಗೈ ಮೇಲೆ ಪೆನ್ನಿನಲ್ಲಿ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿದರು, ಮತ್ತೊಮ್ಮೆ ಭಾಗಿಸಿದರು.

"ಮೂರೂ ಹೆಚ್ಚುಕಡಿಮಿ ಒಂದ ಅದಾವಪಾ," ಅಂದರು. "ಮೊದಲನೇ ವರ್ಷನ ಯಾವುದಾದ್ರೂ ತಗಂಬಿಡಬೇಕಿತ್ತು."

ಮುಂದಿನ ಬಾಗಿಲು ತೆರೆದು ಹಿಡಿದೆ. ಅವರು ಹಿಂದೆ ಹೋಗಿ ಚೀಲದ ಪಕ್ಕ ಕೂತರು. ನಾನು ಎಸಿ ಹಾಕಿದೆ. ಮಾವ ಬೇಡ ಅನ್ನಲಿಲ್ಲ.