ದ್ರಾಕ್ಷಿಗೆ ಕೂಲರ್, ನನಗೆ ಬೀಟ್‌ರೂಟ್

ಗೇರ್‌ಬಾಕ್ಸ್ ಬಿಚ್ಚಿ, ಒಂದು ಬೋಲ್ಟೂ ಮಿಗದಂತೆ ಮತ್ತೆ ಜೋಡಿಸುವ ಮನುಷ್ಯನಿಗೆ ನಾಲ್ಕು ದ್ರಾಕ್ಷಿ ಹಿಂಡುವುದು ಯಾವ ಮಹಾ ಕೆಲಸ? ಹಾಗಂತ ನಾನು ಅಂದುಕೊಂಡಿದ್ದೆ. ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟುಕೊಂಡು ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಯಾವ ಯಂತ್ರವೂ ನನ್ನನ್ನು ಸೋಲಿಸಿರಲಿಲ್ಲ. ಸೋಲಿಸಿದ್ದು ಒಂದು ಹಣ್ಣು!

ಇದೆಲ್ಲ ಶುರುವಾದದ್ದು ಮಗಳ ನಿಶ್ಚಯದ ದಿನ, ನಮ್ಮ ಮನೆಯ ಊಟದ ಪಂಕ್ತಿಯಲ್ಲಿ. ಬೀಗರು ವೀರಶೆಟ್ಟಿಯವರದು ತಾಂಡೂರಿನಲ್ಲಿ ಹಾಸುಬಂಡೆ ಪಾಲಿಶ್ ಮಾಡುವ ಕಾರ್ಖಾನೆ. ಪಾಲಿಶ್ ಯಂತ್ರ ನೋಡಲೆಂದು ಒಮ್ಮೆ ಇಟಲಿಯ ವೆರೋನಾಕ್ಕೆ ಹೋಗಿ ಎಂಟು ದಿನ ಇದ್ದು ಬಂದಿದ್ದಾರೆ. ಅಂದಿನಿಂದ ಅವರ ಬಾಯಲ್ಲಿ ಇಟಲಿ ಬಿಟ್ಟು ಬೇರೆ ಊರೇ ಇಲ್ಲ.

"ಅಲ್ಲಿ ಒಂದು ವೈನ್ ಅದರಿ ಬೀಗರೇ, ಅಮರೋನೆ ಅಂತ," ಎಂದರು. "ದ್ರಾಕ್ಷಿ ಕಿತ್ತಿದ ಕೂಡ್ಲೇ ಹಿಂಡಂಗಿಲ್ಲ. ಬಿದಿರಿನ ತಟ್ಟಿ ಮ್ಯಾಲ ಹರವಿ, ಮೂರು-ನಾಕು ತಿಂಗಳು ಗಾಳಿಗೆ ಒಣಗಸ್ತಾರ. ನೀರು ಹೋಗಿ ಬರೇ ಸತ್ವ ಉಳೀತದ. ಆಮ್ಯಾಲ ಹಿಂಡಿ ಹುದುಗಿಸೋದು. ಕೆಂಪಗ, ದಟ್ಟಗ, ಮೈತುಂಬ! ನಾಲಿಗಿ ಮ್ಯಾಲ ಕುಂತ್ರ ಏಳಂಗಿಲ್ಲ. ಅಂಥಾದ್ದು ಮಾಡಾಕ ನಮ್ಮ ಮಂದಿಗಿ ಏಳು ಜನ್ಮ ಬೇಕು."

ಏಳು ಜನ್ಮ! ಹತ್ತು ಮಂದಿಯ ಮುಂದೆ! ನನ್ನೊಳಗಿನ ಮೆಕ್ಯಾನಿಕ್ ಎದ್ದು ಕೂತ.

"ಅದ್ಯಾವ ಘನಕಾರ್ಯರೀ? ಜೂನ್‌ದಾಗ ಮಿರಗದ ಮಳಿಗಿ ಮದುವಿ ಜವಳಿ ತರಾಕ ಬರ್ತೀರಲ್ಲ, ಆವಾಗ ನನ್ನ ಕೈಯಾರೆ ಮಾಡಿದ್ದು ಕುಡಸ್ತೀನಿ. ಇದು ನನ್ನ ಮಾತು!" ಎಂದುಬಿಟ್ಟೆ. ಪಂಕ್ತಿಯೆಲ್ಲ ಹೋ ಎಂದಿತು. ಹಿಂದಿನಿಂದ ಯಾರೋ ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದು ಹೋದರು. ಗೆದ್ದ ಸಂಭ್ರಮದಲ್ಲಿ ನಾನು ತಲೆ ಎತ್ತಿ ನೋಡಲಿಲ್ಲ.

ಮಾತು ಕೊಟ್ಟಾದ ಮೇಲೆ ನೆನಪಾದದ್ದು ನನ್ನ ಹೆಂಡತಿ ಮಹಾನಂದಾ. ಮದುವೆಯಾದ ಹೊಸದರಲ್ಲಿ ನಾನು ಒಂದೇ ಒಂದು ಸಲ ಗೆಳೆಯರ ಜೊತೆ ಕುಡಿದು ಬಂದಿದ್ದೆ. "ಈ ಮನ್ಯಾಗ ಇನ್ನೊಮ್ಮೆ ಶೆರೆ ವಾಸನಿ ಬಂತಂದ್ರ, ನಾ ಸಿರ್ಗಾಪುರದ ಬಸ್ ಹತ್ತತೀನಿ," ಎಂದು ಅವಳು ಅಂದೇ ಹೇಳಿದ್ದಳು. ಸಿರ್ಗಾಪುರ ಅವಳ ತವರು. ಹೀಗೆ ನನ್ನ ಒಂದು ಕಡೆ ಬೀಗರಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಸಿರ್ಗಾಪುರದ ಬಸ್ಸು. ನಡುವೆ ನಾನು.

ಫೆಬ್ರವರಿ ಕೊನೆಯಲ್ಲಿ ಮೂವತ್ತು ಕಿಲೋ ಕರಿ ದ್ರಾಕ್ಷಿ ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ಬಂದೆ.

"ಅಲ್ರಿ, ಇಷ್ಟು ದ್ರಾಕ್ಷಿ ಯಾರು ತಿನ್ನೋರು?"

ಉತ್ತರ ದಾರಿಯಲ್ಲೇ ಸಿದ್ಧಮಾಡಿಕೊಂಡಿದ್ದೆ. "ಡಾಕ್ಟರ್ ಹೇಳ್ಯಾರ, ನನ್ನ ಮೈಯಾಗ ರಕ್ತ ಕಮ್ಮಿ ಅದ ಅಂತ. ಅದಕ್ಕ ದ್ರಾಕ್ಷಾಸವ ಮಾಡ್ಲತ್ತೀನಿ. ಆಯುರ್ವೇದ!"

ಮಹಾನಂದಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ರಕ್ತ ಕಮ್ಮಿ ಅದ? ಅಯ್ಯ, ಮೊದಲೇ ಹೇಳಬ್ಯಾಡೇನ್ರಿ!"

ಎಷ್ಟು ಸುಲಭವಾಗಿ ನಂಬಿದಳು! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮರುದಿನ ಬೆಳಿಗ್ಗೆ ಚಹಾದ ಜಾಗದಲ್ಲಿ ಒಂದು ಸ್ಟೀಲಿನ ಲೋಟ ಬಂತು. ಒಳಗೆ ಬೀಟ್‌ರೂಟ್ ರಸ! ಸಕ್ಕರೆ ಇಲ್ಲ, ಉಪ್ಪಿಲ್ಲ, ಮೇಲೆ ನುಗ್ಗೆಸೊಪ್ಪಿನ ಪುಡಿ ಬೇರೆ. "ರಕ್ತಕ್ಕ ಇದರಂಥಾದ್ದು ಇಲ್ರಿ. ಚಹಾ ಇನ್ನ ಬಂದ್," ಎಂದಳು. ರಕ್ತ ಕಡಿಮೆ ಇರುವ ಮನುಷ್ಯ ಬೇಡ ಎನ್ನುವುದು ಹೇಗೆ? ಕುಡಿದೆ.

ನೆರೆಹೊರೆಯಿಂದ ಮೂರು ಹಗ್ಗದ ಹೊರಸು ಎರವಲು ತಂದು, ಮೇಲೆ ಚಾಪೆ ಹಾಸಿ, ಗೊಂಚಲುಗಳನ್ನು ಒಂದಕ್ಕೊಂದು ತಾಗದಂತೆ ಮಲಗಿಸಿದೆ. ಇಟಲಿಯಲ್ಲಿ ಒಣಗಿಸುವುದು ಚಳಿಗಾಲದಲ್ಲಿ, ತಣ್ಣನೆಯ ಅಟ್ಟದ ಮೇಲೆ. ನಮ್ಮದು ಜಹೀರಾಬಾದಿನ ಮಾರ್ಚ್, ತಗಡಿನ ಕೋಣೆ. ಅಲ್ಲಿ ನೂರು ದಿನವಾದರೆ ಇಲ್ಲಿ ನಲವತ್ತು ಸಾಕೆಂದು ಲೆಕ್ಕ ಹಾಕಿದೆ. ಐದನೆಯ ದಿನಕ್ಕೇ ದ್ರಾಕ್ಷಿ ಮುದುಡಿ ಮುಖ ಸಣ್ಣ ಮಾಡಿಕೊಂಡಿತು. ಹೀಗೇ ಬಿಟ್ಟರೆ ವಾರದಲ್ಲಿ ಒಣದ್ರಾಕ್ಷಿಯಾಗಿ ಪಾಯಸಕ್ಕೆ ಹೋಗುವುದು ಖಂಡಿತ.

ತಂಪು ಬೇಕು. ಮನೆಯಲ್ಲಿ ಇದ್ದ ಒಂದೇ ಒಂದು ಕೂಲರನ್ನು ಎಳೆದುಕೊಂಡು ಹೋಗಿ ದ್ರಾಕ್ಷಿಯ ಮುಂದೆ ನಿಲ್ಲಿಸಿದೆ.

"ದ್ರಾಕ್ಷಿಗಿ ಕೂಲರ್, ನಂಗ ಬೀಸಣಿಗಿ?" ಮಹಾನಂದಾ ಕೇಳಿದಳು.

"ಔಷಧ ಅದ, ಸೆಕಿ ತಡಕೊಳ್ಳಂಗಿಲ್ಲ."

"ಆತು. ನಾ ಏನು ಔಷಧ ಅಲ್ಲಲ್ಲ!"

ಆ ನಲವತ್ತು ದಿನ ನಾನು ಒಂದು ಕಡೆ ಕೂತವನಲ್ಲ. ಅಂಗಡಿಯಲ್ಲಿ ಗಿರಾಕಿ ಕ್ಲಚ್ ಪ್ಲೇಟ್ ಕೇಳಿದರೆ ಫ್ಯಾನ್ ಬೆಲ್ಟ್ ಕೊಡುತ್ತಿದ್ದೆ. ತಾಸಿಗೊಮ್ಮೆ ಬೈಕ್ ಹತ್ತಿ ಮನೆಗೆ ಓಡಿ, ಗೊಂಚಲು ಮಗ್ಗುಲು ಬದಲಿಸಿ, ಮತ್ತೆ ಅಂಗಡಿಗೆ. ನಮ್ಮ ಮಗಳು ಹಸುಗೂಸಾಗಿದ್ದಾಗಲೂ ಇಷ್ಟು ಸಲ ಮಗ್ಗುಲು ಬದಲಿಸಿದ ನೆನಪಿಲ್ಲ. ಇಷ್ಟಾಗಿಯೂ ಎರಡನೆಯ ವಾರ ಕೂಲರಿನ ಒದ್ದೆ ಗಾಳಿಗೆ ಬೂಸು ಬಂತು! ಕೂಲರಿನ ನೀರು ತೆಗೆದೆ, ಬಿಸಿಗಾಳಿ ಬೀಸಿತು. ನೀರು ಹಾಕಿದೆ, ಬೂಸು. ತೆಗೆದೆ, ಬಿಸಿ. ಕೊನೆಗೆ ಒಂದು ತಾಸು ನೀರು, ಒಂದು ತಾಸು ಬರಿ ಗಾಳಿ ಎಂದು ಪಾಳಿ ಹಾಕಿದೆ. ಬೂಸು ಹಿಡಿದ ಹಣ್ಣು ಆರಿಸುತ್ತ ಕಣ್ಣು ಉರಿಯತೊಡಗಿತು.

ಉಳಿದದ್ದಕ್ಕೆ ಜನ ಇದ್ದರಲ್ಲ! ಬಂದವರೆಲ್ಲ "ಔಷಧವಂತೆ, ರುಚಿ ನೋಡೋಣ" ಎಂದು ಒಂದೊಂದು ಹಿಡಿ ಬಾಯಿಗೆ ಹಾಕಿಕೊಂಡು ಹೋದರು. ನಲವತ್ತನೆಯ ದಿನಕ್ಕೆ ಮೂವತ್ತು ಕಿಲೋ ಹೋಗಿ ಒಂಬತ್ತು ಕಿಲೋ ಆಗಿತ್ತು. ಸತ್ವ ಮಾತ್ರ ಉಳಿಯುತ್ತದೆ ಎಂದಿದ್ದರಲ್ಲ ಬೀಗರು, ಅದಂತೂ ನಿಜವಾಯಿತು.

ಮಹಾನಂದಾ ತವರಿನಿಂದ ತಂದ ಉಪ್ಪಿನಕಾಯಿಯ ದೊಡ್ಡ ಭರಣಿ ಕೇಳಿ ತೆಗೆದುಕೊಂಡೆ. ತೊಳೆದು, ಒಣಗಿಸಿ, ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹಿಸುಕಿ ತುಂಬಿದೆ. ನಾಲ್ಕನೆಯ ದಿನಕ್ಕೆ ಭರಣಿಯೊಳಗೆ ಗುಳುಗುಳು ಸದ್ದು, ಮೇಲೆ ನೊರೆ. ಹಣ್ಣಿನ ಸಕ್ಕರೆಯೆಲ್ಲ ಮದ್ಯವಾಗಿ ಸಿಹಿ ಹೋಗುವವರೆಗೆ ಹೀಗೆ ಹುದುಗಬೇಕು. ಆಮೇಲೆ ಅದನ್ನು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡಬೇಕು ಎಂಬುದು ಮೊಬೈಲಿನಲ್ಲಿ ನೋಡಿ ಗೊತ್ತಾದದ್ದು ಆಗ! ವರ್ಷ ಎಲ್ಲಿದೆ? ಮಿರಗಕ್ಕೆ ಎರಡು ತಿಂಗಳೂ ಇರಲಿಲ್ಲ. ಓಕ್ ಎಲ್ಲಿದೆ? ಸಾಗವಾನಿಯ ಮುರಿದ ಮಂಚದ ಕಾಲೊಂದು ಅಟ್ಟದ ಮೇಲಿತ್ತು. ಕುದಿವ ನೀರಲ್ಲಿ ತೊಳೆದು ಭರಣಿಯಲ್ಲಿ ಇಳಿಬಿಟ್ಟೆ. ಇಂಥ ಸುಧಾರಣೆ ಇಟಲಿಯವರಿಗೆ ಹೊಳೆದಿರಲಿಕ್ಕಿಲ್ಲ.

ವಾಸನೆ ಪಕ್ಕದ ಮನೆಗೆ ಹೋಯಿತು. ಅಲ್ಲಿಂದ ಚಂದ್ರಮ್ಮ ಆಯಿ ಬಂದರು. ಎಪ್ಪತ್ತು ದಾಟಿದವರು, ಕೋಲು ಬಿಟ್ಟು ನಾಲ್ಕು ಹೆಜ್ಜೆ ಇಡಲಾರದವರು.

"ತಮ್ಮಾ, ರಕ್ತದ ಔಷಧ ಮಾಡೀ ಅಂತಲ್ಲ? ನಂಗೂ ಮಳಕಾಲು ಹಿಡದಾವ. ಚೂರು ಹಾಕೋ."

ಔಷಧ ಕೊಡುವುದಿಲ್ಲ ಎಂದು ಮುದುಕಿಗೆ ಹೇಳಲಾದೀತೇ? ಅರ್ಧ ಲೋಟ ಕೊಟ್ಟೆ. ಆಯಿ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಬೀಸುಕಲ್ಲಿನ ಪದ ಶುರುಮಾಡಿದರು. ಆಮೇಲೆ ಎದ್ದು, ಕೋಲನ್ನು ನಮ್ಮ ಮನೆಯಲ್ಲೇ ಬಿಟ್ಟು, ಹಾಡುತ್ತಲೇ ನಡೆದುಕೊಂಡು ಹೋದರು!

ಮರುದಿನ ನಮ್ಮ ಅಂಗಳದಲ್ಲಿ ಆರು ಮುದುಕಿಯರು, ಆರು ಲೋಟಗಳು. "ಆಯಿದು ಮಳಕಾಲ ನೆಟ್ಟಗಾಗ್ಯಾವಂತ!" ನಾನು ಭರಣಿಗೆ ಅಡ್ಡ ನಿಂತೆ. ಮಹಾನಂದಾ ಮಾತ್ರ ಬಾಗಿಲಲ್ಲಿ ನಿಂತು, "ಕೊಡ್ರಿ, ಪುಣ್ಯದ ಕೆಲಸ," ಎಂದು ಒಳಗೆ ಹೋದಳು. ಮಾತಾಡಿದರೆ ಸಿಕ್ಕಿಬೀಳುತ್ತೇನೆ. ಸುಮ್ಮನೆ ಕೊಟ್ಟೆ. ಹೀಗೆ ದಿನಾ ಕೊಟ್ಟೂ ಕೊಟ್ಟೂ ಭರಣಿಯಲ್ಲಿ ಉಳಿದದ್ದು ಎರಡು ತಂಬಿಗೆ.

ಅಂತೂ ಬೀಗರು ಬರುವ ದಿನ ಬಂತು. ಅವರಿಗೆ ಗುಟ್ಟಾಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಡಿಸಬೇಕೆಂದು ಎರಡು ಗಾಜಿನ ಗ್ಲಾಸು ಸಹ ತಂದಿದ್ದೆ. ಅಂಗಡಿಯಿಂದಲೇ ಬಸ್‌ಸ್ಟ್ಯಾಂಡಿಗೆ ಹೋಗಿ ಬೀಗರನ್ನೂ ಬೀಗತಿಯನ್ನೂ ಕರೆದುಕೊಂಡು ಬಂದೆ. ಓಣಿಯ ತಿರುವಿನಲ್ಲೇ ಮೂಗಿಗೆ ಘಮ್ಮೆಂದಿತು. ಶುಂಠಿ, ಮೆಣಸು, ಅಜವಾನ, ಬೆಲ್ಲ!

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನನ್ನ ಅಮರೋನೆ ಕೊತಕೊತ ಕುದಿಯುತ್ತಿತ್ತು.

"ಏನು ಮಾಡ್ದಿ ಇದು!" ಎಂದೆ.

"ಔಷಧ ಅಂದ್ಮ್ಯಾಲ ನೀರು ಹಾಕಿ ಕುದಿಸಬೇಕಲ್ರಿ? ಎರಡು ತಾಸಾತು. ಬೀಗರಿಗೂ ಒಂದೊಂದು ಲೋಟ ಕೊಡೋಣ."

ಮದ್ಯವೆಲ್ಲ ಆವಿಯಾಗಿ ಆಕಾಶಕ್ಕೆ ಹೋಗಿತ್ತು. ನಲವತ್ತು ದಿನದ ಮಗ್ಗುಲು, ಮಂಚದ ಕಾಲು, ನನ್ನ ಮಾತು, ಎಲ್ಲವೂ ಅದರ ಹಿಂದೆಯೇ ಹೋದವು. ನನಗೆ ನಿಜಕ್ಕೂ ಅಳು ಬಂತು. ಬೀಗರು ಲೋಟ ಕೈಗೆ ತೆಗೆದುಕೊಂಡು ನನ್ನತ್ತ ಕಣ್ಣು ಮಿಟುಕಿಸಿದರು. ಗುಟುಕರಿಸಿದರು. ಕಣ್ಣು ಮುಚ್ಚಿದರು.

"ವಾಹ್! ಅದೇ! ಖರೇ ಇಟಲಿದು ಇದೇ ರುಚಿ! ಬೀಗರೇ, ಗೆದ್ರಿ!"

ಅಜವಾನ ಹಾಕಿದ ಕಷಾಯ ಇಟಲಿಯದೇ! ಅಷ್ಟರಲ್ಲಿ ಬೀಗತಿ ಮೆಲ್ಲಗೆ ಹೇಳಿದರು: "ಇವ್ರಿಗೇನು ಗೊತ್ರಿ ರುಚಿ? ಅಲ್ಲಿ ಎಂಟು ದಿನಾನೂ ನಾ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ಬಂದಾರ. ಶೆರೆ ಮುಟ್ಟಿದ್ರ ನಾ ಬಿಡ್ತಿದ್ನೇನು?" ಬೀಗರಿಗೆ ಜೋರಾಗಿ ಕೆಮ್ಮು ಬಂತು. ಮಹಾನಂದಾ ಅವರಿಗೆ ಇನ್ನರ್ಧ ಲೋಟ ಕಷಾಯ ಹಾಕಿದಳು.

ಬೀಗರನ್ನು ಬಸ್ ಹತ್ತಿಸಿ ಸಂಜೆ ಮನೆಗೆ ಬಂದಾಗ ಅವಳು ಭರಣಿ ತೊಳೆಯುತ್ತಿದ್ದಳು. ಮಾತು ಉಳಿದಿತ್ತು, ಗುಟ್ಟೂ ಉಳಿದಿತ್ತು. "ನೋಡಿದ್ಯಾ, ನನ್ನ ಔಷಧ ಬೀಗರಿಗಿ ಎಷ್ಟು ಸೇರ್ತು!" ಎಂದು ಮೀಸೆ ತಿರುವಿದೆ.

ಅವಳು ತಲೆ ಎತ್ತಲಿಲ್ಲ. "ನಿಶ್ಚಯದ ದಿನ ಪಂಕ್ತಿಯಾಗ ನಿಮ್ಮ ಹೋಳಿಗಿಗೆ ತುಪ್ಪ ಹಾಕ್ದಾಕಿ ಯಾರಂತ ತಿಳದೀರಿ?"

ನನ್ನ ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

"ಹತ್ತು ಮಂದಿ ಮುಂದ ಕೊಟ್ಟ ಮಾತು, ನೀವು ತಲಿ ತಗ್ಗಿಸೋದು ನಾ ನೋಡಲಾರೆ. ಮನ್ಯಾಗ ಶೆರೆ ಇಟಗೊಂಡು ಬೀಗರನ್ನ ಕೂಡಿಸಲಾರೆ. ಅದಕ್ಕ ಕುದಿಸಿದೆ. ಸಿರ್ಗಾಪುರದ ಬಸ್ಸಿನ್ಯಾಗ ಭಾಳ ಗದ್ದಲ ಇರ್ತದರಿ, ಕೂಡಾಕ ಜಾಗ ಸಿಗಂಗಿಲ್ಲ."

ನಲವತ್ತು ದಿನ ಕೂಲರ್ ಇಲ್ಲದೆ ಬೀಸಣಿಗೆ ಬೀಸಿಕೊಂಡವಳು ಎಲ್ಲ ಗೊತ್ತಿದ್ದೇ ಬೀಸಿಕೊಂಡಿದ್ದಳು! ನನಗೆ ನಾಚಿಕೆಯಾಯಿತು. ಅವಳ ಮೇಲೆ ಪ್ರೀತಿಯೂ ಉಕ್ಕಿತು. ಆಗ ತಟ್ಟನೆ ಇನ್ನೊಂದು ಹೊಳೆಯಿತು.

"ಹಂಗಾದ್ರ, ನನ್ನ ರಕ್ತ ಕಮ್ಮಿ ಇಲ್ಲಂತ ನಿಂಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ ದಿನಾ ಆ ಬೀಟ್‌ರೂಟ್?"

"ಅದು ಸುಳ್ಳಿನ ಔಷಧರಿ. ಇನ್ನಾ ಎರಡು ಕಿಲೋ ಅದಾವ."

ಮರುದಿನ ಬೆಳಿಗ್ಗೆ ಸ್ಟೀಲಿನ ಲೋಟ ಬಂತು. ನಾನು ತಳ ಕಾಣುವವರೆಗೆ ಕುಡಿದೆ. ಕೆಂಪಗಿತ್ತು, ದಟ್ಟಗಿತ್ತು. ನಾಲಿಗೆಯ ಮೇಲೆ ಕೂತದ್ದು ಮಧ್ಯಾಹ್ನದವರೆಗೂ ಏಳಲಿಲ್ಲ!