ನಾಗಬನದಲ್ಲಿ ಥರ್ಮಲ್ ಪ್ರಿಂಟರ್

"ಅದೆಲ್ಲ ಎಂತ ದೊಡ್ಡ ಕೆಲಸ? ನಾಲ್ಕು ಸಾಲು ಕೋಡ್ ಬರೆದರೆ ಆಯಿತು" ಎಂದು ನಾನು ಹೇಳಿದ್ದು ಹೌದು. ಇಡೀ ಕುಟುಂಬದ ಎದುರು ಹೇಳಿದ್ದರಿಂದ ಈಗ ಇಲ್ಲ ಎನ್ನುವ ಹಾಗೂ ಇಲ್ಲ.

ಕಾರ್ಕಳದ ಹತ್ತಿರ ನನ್ನ ಅಮ್ಮನ ಕುಟುಂಬದ ಮೂಲ ನಾಗಬನ ಉಂಟು. ನಮ್ಮಲ್ಲಿ ಕುಟುಂಬವೆಂದರೆ ಅಮ್ಮನ ಕಡೆಯದ್ದು. ಹಾಗಾಗಿ ನಾಗರ ಪಂಚಮಿಯ ದಿನ ನಾನು ಅಲ್ಲಿಗೆ ಹೋದರೆ, ಹೆಂಡತಿ ವಸಂತಿ ಮಕ್ಕಳನ್ನು ಕರೆದುಕೊಂಡು ಕಾಪುವಿನ ಅವಳ ಬನಕ್ಕೆ ಹೋಗುತ್ತಾಳೆ. ಪ್ರತಿ ಮನೆಯವರೂ ಹಾಲು, ಎಳನೀರಿನ ಬೊಂಡ, ಅರಶಿನ, ಅಡಿಕೆ ಹೂವಿನ ಹಿಂಗಾರ ಇಟ್ಟ ಹರಿವಾಣ ತರುತ್ತಾರೆ. ಜೊತೆಗೆ ಹೆಸರು, ನಕ್ಷತ್ರದ ಒಂದು ಚೀಟಿ. ಭಟ್ಟರು ಚೀಟಿ ಓದಿ ಆ ಮನೆಯ ಹೆಸರಿನಲ್ಲಿ ನಾಗನಿಗೆ ತಂಬಿಲ ಎಂಬ ಸೇವೆ ಅರ್ಪಿಸುತ್ತಾರೆ. ಚೀಟಿ ಬರೆಯುವುದು ಕುಟುಂಬದ ಯಜಮಾನರಾದ ನನ್ನ ಸೋದರಮಾವ ಸದಾಶಿವ. ಅವರ ಅಕ್ಷರ ನಾಗದೇವರಿಗೆ ಅರ್ಥವಾಗುತ್ತಿತ್ತೋ ಏನೋ, ಭಟ್ಟರಿಗಂತೂ ಆಗುತ್ತಿರಲಿಲ್ಲ. ಪ್ರತಿ ಚೀಟಿಗೂ ಅವರು ತಲೆಯೆತ್ತಿ ಕೇಳಬೇಕು, ಮಾವ ಓಡಿ ಬಂದು ಕನ್ನಡಕ ಹುಡುಕಬೇಕು. ಹೊತ್ತು ಮೀರುತ್ತಿತ್ತು.

ಈ ಸಲ ಹೊತ್ತು ಮೀರಬಾರದು ಎಂದು ಮಾವ ಮೊದಲೇ ಹೇಳಿದ್ದರು. ಕಾರಣ ಗಿರಿಜ ದೊಡ್ಡಮ್ಮ. ಅಮ್ಮನ ಅಕ್ಕ, ಕುಟುಂಬಕ್ಕೇ ಹಿರಿಯರು. ಕಳೆದ ಪಂಚಮಿಗೆ ಆಸ್ಪತ್ರೆಯಲ್ಲಿ ಮಲಗಿದ್ದವರು, ಬದುಕಿ ಎದ್ದರೆ ಬನಕ್ಕೆ ಬಂದು ತಂಬಿಲ ಕೊಡುತ್ತೇನೆಂದು ಹರಕೆ ಹೇಳಿಕೊಂಡಿದ್ದರು. ತಂಬಿಲ ಆಗುವವರೆಗೆ ಒಂದು ತೊಟ್ಟು ನೀರು ಮುಟ್ಟುವವರಲ್ಲ. ಮೇಲಿಂದ ಶುಗರ್ ಬೇರೆ. ನಿಮ್ಮದನ್ನು ಮೊದಲು ಮಾಡಿಸೋಣ ಎಂದರೆ ಕೇಳುವುದಿಲ್ಲ. ಮಕ್ಕಳೆಲ್ಲರದ್ದು ಆದ ಮೇಲೆಯೇ ತನ್ನದು ಎಂಬ ಹಠ. ಅಂದರೆ ಎಲ್ಲರದ್ದೂ ಬೇಗ ಆಗಬೇಕು.

ಆಗ ನಾನು ಬಾಯಿ ಹಾಕಿದೆ. ಮಣಿಪಾಲದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇಷ್ಟು ವರ್ಷ ಇದ್ದವನು ಇಷ್ಟಾದರೂ ಮಾಡದಿದ್ದರೆ ಹೇಗೆ? ಅಂಗಡಿಯಲ್ಲಿ ಬಿಲ್ಲು ಕೊಡುವ ಸಣ್ಣ ಯಂತ್ರ ತರುತ್ತೇನೆ, ಹೆಸರು ಒತ್ತಿದರೆ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರುತ್ತದೆ ಎಂದೆ. ಶಾಯಿಗೆ ಎಂತ ಖರ್ಚು ಎಂದು ಮಾವ ಕೇಳಿದರು. ಶಾಯಿಯೇ ಬೇಡ, ಇದರ ಕಾಗದಕ್ಕೆ ಬಿಸಿ ತಾಗಿದಲ್ಲಿ ತಾನಾಗಿ ಕಪ್ಪಾಗುತ್ತದೆ, ಅದಕ್ಕೇ ಇದಕ್ಕೆ ಥರ್ಮಲ್ ಪ್ರಿಂಟರ್ ಎನ್ನುವುದು ಎಂದು ಪಾಠ ಮಾಡಿದೆ. ಎಲ್ಲರೂ ತಲೆದೂಗಿದರು. ಈ ಪಾಠವನ್ನು ಎಲ್ಲರಿಗಿಂತ ಮೊದಲು ಮರೆತದ್ದು ಈ ಮೇಷ್ಟ್ರೇ ಎಂಬುದು ಮುಂದೆ ಬರುತ್ತದೆ.

ಪ್ರಿಂಟರ್ ಮನೆಗೆ ಬಂತು. ಅದನ್ನು ನಡೆಸಲಿಕ್ಕೆ ಒಂದು ಲೈಬ್ರರಿ ಉಂಟು. ಯಾರೋ ಪುಣ್ಯಾತ್ಮರು ಮೊದಲೇ ಬರೆದು ಹಂಚಿದ ಕೋಡ್ ಅದು. ಇಂಥದ್ದನ್ನು ಮುದ್ರಿಸು, ಇಷ್ಟು ಕಾಗದ ಸರಿಸು ಎಂದು ನಾವು ಅದಕ್ಕೆ ಹೇಳಿದರೆ, ಅದು ಪ್ರಿಂಟರಿಗೆ ತಿಳಿಯುವ ಹಾಗೆ ಹೇಳುತ್ತದೆ. ಬರೆದದ್ದು ಪೈಥಾನ್‌ನಲ್ಲಿ. ನಾಗನ ಕೆಲಸಕ್ಕೆ ಹಾವಿನ ಹೆಸರಿನ ಭಾಷೆ, ಒಳ್ಳೆಯ ಶಕುನ ಎಂದುಕೊಂಡೆ. "ಗಿರಿಜ, ರೋಹಿಣಿ ನಕ್ಷತ್ರ" ಎಂದು ಒತ್ತಿದೆ. ಚೀಟಿಯ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ ಬಂತು.

ವಸಂತಿ ಚೀಟಿ ತೆಗೆದು ನೋಡಿದಳು. "ದೊಡ್ಡಮ್ಮನ ಮೇಲೆ ಅದಕ್ಕೆ ಯಾಕೆ ಇಷ್ಟು ಸಂಶಯ?" ಎಂದು ಕೇಳಿ ಒಳಗೆ ಹೋದಳು.

ಆ ಪ್ರಿಂಟರಿಗೆ ಕನ್ನಡವೇ ಗೊತ್ತಿಲ್ಲ. ಹಾಗಾದರೆ ಅಕ್ಷರವನ್ನು ಚಿತ್ರ ಮಾಡಿ ಕಳಿಸಬೇಕು. ಕಳಿಸಿದೆ. ಒತ್ತಕ್ಷರಗಳು ಜಗಳವಾಡಿದ ದಾಯಾದಿಗಳ ಹಾಗೆ ಬೇರೆ ಬೇರೆ ನಿಂತವು. ಅದನ್ನು ಸರಿ ಮಾಡುವಾಗ ಎಲ್ಲಿ ಕೈ ತಪ್ಪಿತೋ, ಪ್ರಿಂಟರ್ ಅರ್ಥವಿಲ್ಲದ್ದನ್ನೆಲ್ಲ ಒದರುತ್ತಾ ಇಡೀ ಸುರುಳಿಯನ್ನು ಚಾವಡಿಗೆ ಹಾಸಿತು. ನಿಲ್ಲಿಸಲಿಕ್ಕೆ ಎಂತ ಮಾಡಬೇಕೆಂದು ನಾನು ಲೈಬ್ರರಿಯ ಸೂಚನೆಗಳ ಪುಟ ತೆರೆದು ಹುಡುಕುತ್ತಿದ್ದೆ. ವಸಂತಿ ಬಂದು ಅದರ ಸ್ವಿಚ್ಚು ಆರಿಸಿದಳು. ಕೈಯಲ್ಲಿ ಬರೆದರೆ ಆಗುವುದಿಲ್ಲವಾ ಎಂದು ಅವಳು, ಅದು ತತ್ವದ ಪ್ರಶ್ನೆ ಎಂದು ನಾನು. ಸೊಂಟ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ತತ್ವ ಮಾತ್ರ ಗಟ್ಟಿಯಾಗಿತ್ತು. ಕೊನೆಗೂ ಪಂಚಮಿಯ ಮುನ್ನಾ ದಿನ ಚೀಟಿ ಸರಿಯಾಗಿ ಬಂತು. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಪ್ರತಿ ಚೀಟಿಯ ತಲೆಗೆ ಹೆಡೆಯೆತ್ತಿದ ನಾಗನ ಚಿತ್ರವೊಂದನ್ನು ಸೇರಿಸಿದೆ.

ಬನದಲ್ಲಿ ಮೊದಲ ಅರ್ಧ ಗಂಟೆ ನನ್ನ ಬಾಳಿನ ಉತ್ತಮ ಕಾಲ. ಟಾರ್ಪಾಲಿನ ಕೆಳಗೆ ಮೇಜು ಹಾಕಿ ಕುಳಿತೆ. ಹೆಸರು ಹೇಳಿದವರ ಹರಿವಾಣ ಸಾಲಿಗೆ, ಚೀಟಿ ನನ್ನ ಕಟ್ಟಿಗೆ. ಸಾಲಿನ ಕ್ರಮದಲ್ಲೇ ಚೀಟಿಯ ಕಟ್ಟನ್ನು ಭಟ್ಟರಿಗೆ ಒಪ್ಪಿಸುವುದು ನನ್ನ ಹೊಸ ವ್ಯವಸ್ಥೆ. ಜನ ಹೆಡೆಯ ಚಿತ್ರ ನೋಡಿ ಕೈ ಮುಗಿದರು. ದೊಡ್ಡಮ್ಮ ಕುರ್ಚಿಯಲ್ಲಿ ಕುಳಿತು, ಒಣಗಿದ ತುಟಿಯಲ್ಲೇ ನಕ್ಕು, ಭಾರೀ ಲಾಯ್ಕಾಗಿದೆ ಮಗಾ ಎಂದರು. ಬನದಲ್ಲಿ ಕರೆಂಟಿಲ್ಲ. ಆ ಹೆಡೆಯ ಚಿತ್ರ ಬ್ಯಾಟರಿಯನ್ನು ಕುಡಿಯುತ್ತಿತ್ತು. ಪ್ರಿಂಟರಿಗೆ ಲ್ಯಾಪ್‌ಟಾಪಿನಿಂದಲೇ ಚಾರ್ಜ್ ಕೊಟ್ಟೆ. ಕಡೆಯ ಚೀಟಿ ಹೊರಬಂದದ್ದೇ ತಡ, ಎರಡೂ ಒಟ್ಟಿಗೆ ಕಣ್ಣು ಮುಚ್ಚಿದವು. ಹೋಗಲಿ, ಕೆಲಸ ಮುಗಿಯಿತಲ್ಲ ಎಂದುಕೊಂಡೆ.

ಆಗ ಗಾಳಿ ಬಂದು, ಟಾರ್ಪಾಲಿನಲ್ಲಿ ನಿಂತಿದ್ದ ಮಳೆನೀರು ನೇರ ನನ್ನ ಕಟ್ಟಿನ ಮೇಲೆ ಸುರಿಯಿತು. ಅಕ್ಷರವೇನೋ ಅಳಿಸಿಹೋಗಲಿಲ್ಲ, ಆದರೆ ಕಾಗದ ಒಂದಕ್ಕೊಂದು ಅಂಟಿಕೊಂಡಿತು. ಭಟ್ಟರು ಇನ್ನೇನು ಸುರು ಮಾಡುವವರು. ನಮ್ಮ ಊರಲ್ಲಿ ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಎಲ್ಲಿ ಒಣಗಿಸುತ್ತೇವೆ? ಬೆಂಕಿಪೆಟ್ಟಿಗೆ, ಮಕ್ಕಳ ಸಾಕ್ಸು, ಬನಿಯನು, ಎಲ್ಲವೂ ಒಲೆಯ ಹತ್ತಿರವೇ. ಹುಟ್ಟಿದಂದಿನಿಂದ ಬಂದ ಬುದ್ಧಿ. ಕಾಲು ತಾನಾಗಿ ಅಡುಗೆಯ ಚಪ್ಪರಕ್ಕೆ ಓಡಿತು. ಅನ್ನ ಬೇಯುತ್ತಿದ್ದ ಕೊಪ್ಪರಿಗೆಯ ಮುಚ್ಚಳದ ಮೇಲೆ ಒಂದೊಂದೇ ಚೀಟಿಯನ್ನು ಜೋಪಾನವಾಗಿ ಹರಡಿದೆ.

ನೋಡನೋಡುತ್ತ ಹೆಡೆ ಕಪ್ಪಾಯಿತು, ನಕ್ಷತ್ರ ಕಪ್ಪಾಯಿತು, ಇಡೀ ಕುಟುಂಬವೇ ಕಪ್ಪಾಯಿತು. ಥರ್ಮಲ್ ಎಂದರೆ ಬಿಸಿ ಎಂದು ಊರಿಗೆಲ್ಲ ಪಾಠ ಮಾಡಿದವನು ನಾನೇ ಅಲ್ವಾ? ಹೆಕ್ಕಲು ಹೋಗಿ ಬೆರಳು ಸುಟ್ಟುಕೊಂಡೆ. ಕ್ರಮವೂ ಕಲಸಿಹೋಯಿತು.

ಕಪ್ಪು ಕಟ್ಟನ್ನು ಭಟ್ಟರ ಕೈಗೆ ಕೊಟ್ಟೆ. ಅವರಿಗೆ ಇಲ್ಲಿ ಮುಗಿಸಿ ಕಟಪಾಡಿಯ ಬನಕ್ಕೆ ಓಡಲಿಕ್ಕುಂಟು, ಫೋನು ಮೇಲಿಂದ ಮೇಲೆ ಬರುತ್ತಿತ್ತು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಎಂತ ಮಾರಾಯ್ರೆ, ನಕ್ಷತ್ರ ಎಲ್ಲಿ ಉಂಟು ಇದರಲ್ಲಿ? ಪೂರಾ ಅಮಾವಾಸ್ಯೆ" ಎಂದರು.

ಮಾವನ ಮುಖ ನೋಡುವ ಧೈರ್ಯ ಬರಲಿಲ್ಲ. ದೊಡ್ಡಮ್ಮನ ಕಡೆ ನೋಡಿದೆ. ಅವರು ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿದ್ದರು, ಹಣೆಯಲ್ಲಿ ಬೆವರು. ನನಗೆ ನಿಜವಾಗಿ ಹೆದರಿಕೆಯಾಯಿತು. ಆಸ್ಪತ್ರೆಯಿಂದ ಬದುಕಿ ಬಂದವರನ್ನು ನಾನು ಒಂದು ಹೆಡೆಯ ಚಿತ್ರಕ್ಕಾಗಿ ಪುನಃ ಅಲ್ಲಿಗೇ ಕಳಿಸುತ್ತೇನೋ ಎಂದುಕೊಂಡೆ. ಒಂದು ಗುಟುಕು ನೀರಾದರೂ ಕುಡಿಯಿರಿ ಎಂದು ಬೇಡಿದೆ. ಬೇಡ ಎಂದು ಕೈಯಾಡಿಸಿದರು.

ಅಷ್ಟರಲ್ಲಿ ವಸಂತಿ ಬಂದಳು. ಅವಳ ಬನದಲ್ಲಿ ಕೈಬರಹದ ಚೀಟಿ, ಬೆಳಿಗ್ಗೆಯೇ ಎಲ್ಲ ಮುಗಿದು, ತಿಂಡಿಯೂ ಆಗಿ ಬಂದಿದ್ದಳು. ಒಮ್ಮೆ ಸಾಲು ನೋಡಿದಳು, ಒಮ್ಮೆ ನನ್ನನ್ನು. "ಅವರವರ ಹರಿವಾಣದ ಹಿಂದೆ ಅವರವರೇ ನಿಂತು ಹೆಸರು ಹೇಳಿದರೆ ಆಗುವುದಿಲ್ಲವಾ?" ಎಂದು ಕೇಳಿದಳು.

ಎಲ್ಲರೂ ಎದ್ದು ಹೋಗಿ ನಿಂತರು. ಪ್ರತಿಯೊಬ್ಬರಿಗೂ ತಮ್ಮ ಹೆಸರು ಗೊತ್ತಿತ್ತು, ನಕ್ಷತ್ರವೂ ಗೊತ್ತಿತ್ತು. ಅವರು ಹೇಳಿದರು, ಭಟ್ಟರು ಮಾಡಿದರು. ಯಾವ ವರ್ಷವೂ ಅಷ್ಟು ಬೇಗ ಮುಗಿದದ್ದಿಲ್ಲ. ಲೈಬ್ರರಿ ಬೇಡ, ಬ್ಯಾಟರಿ ಬೇಡ, ಮುಖ್ಯವಾಗಿ ನಾನು ಬೇಡ.

ಕೊನೆಗೆ ದೊಡ್ಡಮ್ಮನ ತಂಬಿಲವಾಯಿತು. ಹರಕೆ ಸಂದಿತು. ಮಾವ ಓಡಿ ಹೋಗಿ ಬೊಂಡ ಕೆತ್ತಿ ತಂದು ಅವರ ಕೈಗೆ ಕೊಟ್ಟರು. ಕುಟುಂಬವೆಲ್ಲ ಉಸಿರು ಬಿಟ್ಟಿತು. ಆದರೆ ದೊಡ್ಡಮ್ಮ ಬೊಂಡವನ್ನು ಬಾಯಿಗೆ ತರಲಿಲ್ಲ. ಮಡಿಲಲ್ಲಿಟ್ಟುಕೊಂಡು, "ಭಟ್ರೇ, ಇನ್ನೊಂದು ಪ್ರಾರ್ಥನೆ ಮಾಡಿಬಿಡಿ. ಇವನ ಹೆಸರಲ್ಲಿ" ಎಂದು ನನ್ನನ್ನು ತೋರಿಸಿದರು.

"ಏನೆಂದು ಮಾಡಲಿ ಅಮ್ಮಾ?"

"ನೀವೂ ಬೆಳಿಗ್ಗೆಯಿಂದ ನೋಡಿದ್ದೀರಲ್ಲ" ಎಂದರು ದೊಡ್ಡಮ್ಮ.

ಕಟಪಾಡಿಗೆ ಓಡಲು ಚೀಲ ಹೆಗಲಿಗೆ ಹಾಕಿದ್ದ ಭಟ್ಟರು ಚೀಲ ಕೆಳಗಿಟ್ಟರು. ಫೋನು ಬಂದರೂ ಎತ್ತಲಿಲ್ಲ. ನಿಧಾನವಾಗಿ ಪದ್ಮಾಸನ ಹಾಕಿ ಕುಳಿತು, ಹಿಂಗಾರ ಹಿಡಿದು, ಈ ಮಹನೀಯರಿಗೆ ಇನ್ನು ಮುಂದಾದರೂ ಸದ್ಬುದ್ಧಿ ಪ್ರಾಪ್ತಿಯಾಗುವಂತೆ ಅನುಗ್ರಹಿಸಬೇಕು ಸ್ವಾಮಿ ಎಂದು, ಇಡೀ ಬನಕ್ಕೆ ಕೇಳುವ ಹಾಗೆ ಸಾವಕಾಶವಾಗಿ ಬಿನ್ನವಿಸಿಕೊಂಡರು. ಆ ದಿನದ ಅತ್ಯಂತ ಉದ್ದದ ಪ್ರಾರ್ಥನೆ ಅದು. ಹಸಿದ ಕುಟುಂಬದಲ್ಲಿ ಒಬ್ಬರೂ ಹೊತ್ತಾಯಿತು ಎನ್ನಲಿಲ್ಲ. ವಸಂತಿ ಸೆರಗು ಹೊದ್ದು, ಕಣ್ಣು ಬಿಗಿಯಾಗಿ ಮುಚ್ಚಿ ಕೈ ಮುಗಿದಿದ್ದಳು. ತನ್ನ ಬನದಲ್ಲೂ ಅಷ್ಟು ಭಕ್ತಿ ತೋರಿಸಿರಲಿಕ್ಕಿಲ್ಲ.

ಪ್ರಾರ್ಥನೆ ಮುಗಿದ ಮೇಲೆಯೇ ದೊಡ್ಡಮ್ಮ ಬೊಂಡ ಕುಡಿದದ್ದು. ಅದು ಬೇಗ ಮುಗಿಯಲಿ ಎಂದು ನಾನೂ, ಸುಟ್ಟ ಬೆರಳನ್ನು ಸೇರಿಸಿ, ಬೇಗ ಬೇಗ ಕೈ ಮುಗಿದಿದ್ದೆ.