ವೈನಿಯ ಉಪವಾಸದ ಗೆಳತಿ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಇಂಗ್ಲಿಷ್ ಕಲಿತದ್ದು ಓದಿ ಅಲ್ಲ, ಮರುಗಿ! ನಂಬಿಕೆ ಬರಲಿಲ್ಲವೇ? ಮಮದಾಪುರದಿಂದ ಗೋಕಾಕಕ್ಕೆ ದಿನಾ ಅವಳ ಬಾಜೂ ಕುಳಿತು ಎಂ.ಕಾಂ. ಕ್ಲಾಸಿಗೆ ಹೋಗುವವಳು ನಾನೇ ಅಲ್ಲವೇ!

ಇಂಗ್ಲಿಷಿನಲ್ಲೇ ಮಾತಾಡಬೇಕಿದ್ದ ಮೊದಲ ಸೆಮಿನಾರಿನಲ್ಲಿ ಅವಳು ಎದ್ದು ನಿಂತು, ಒಂದು ಬಾಟಲಿ ನೀರು ಖಾಲಿ ಮಾಡಿ, ಥ್ಯಾಂಕ್ಯೂ ಅಂದು ಕುಳಿತಿದ್ದಳು. ಇನ್ನೊಮ್ಮೆ ಹೀಗಾದರೆ ಪಾಸಾಗುವ ಆಸೆ ಬಿಡು ಎಂದರು ಸರ್. ಮದುವೆಯಾದ ಮೇಲೆ ಹಟ ಹಿಡಿದು ಓದಲು ಬಂದವಳು, ಬಸ್ಸಿನಲ್ಲಿ ಅತ್ತೇಬಿಟ್ಟಳು. ಕ್ಲಾಸಿನ ಹೊರಗಾದರೂ ಮಾತಾಡಿ ರೂಢಿಯಾಗಲಿ ಎಂದು ನಾನು ಅವಳ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟೆ. ಅದರೊಳಗಿನ ಹೆಣ್ಣುದನಿ ಇಂಗ್ಲಿಷಿನಲ್ಲಿ ಕೇಳುತ್ತದೆ, ನಾವು ಉತ್ತರಿಸಬೇಕು.

‘ಹೌ ವಾಸ್ ಯುವರ್ ಡೇ?’ ಎಂದಿತು ದನಿ. ವೈನಿ ಉತ್ತರ ಕೊಟ್ಟಳೇ? ಎಲ್ಲಿ! ‘ಮೇಡಂ, ಯುವರ್ ಲಂಚ್?’ ಎಂದು ತಿರುಗಿ ಕೇಳಿದಳು. ಊಟ ವಿಚಾರಿಸದೆ ಮಾತು ಶುರುಮಾಡುವ ಮನೆತನವೇ ಅವಳದು? ತಾನು ಉಣ್ಣುವುದಿಲ್ಲ ಎಂದಿತು ಆ್ಯಪ್.

“ಸೋಮವಾರ ಉಪಾಸ ಇರಬೇಕ ಬಿಡು,” ಎಂದಳು ವೈನಿ. ಮಂಗಳವಾರವೂ ಉಣ್ಣುವುದಿಲ್ಲ ಎಂದಾಗ ಅವಳ ಮುಖ ಸಪ್ಪಗಾಯಿತು. ಮನೆಯವರನ್ನು ವಿಚಾರಿಸಿದಳು. ನನಗೆ ಯಾರೂ ಇಲ್ಲ ಎಂದಿತು ಅದು.

“ಯವ್ವಾ! ತಾಯಿ ಇಲ್ಲ, ತಂದಿ ಇಲ್ಲ, ಜಗಳಾಡಾಕ ಒಬ್ಬ ನಾದಿನಿ ಸೈತ ಇಲ್ಲಂತ!”

“ವೈನಿ, ಅದು ಮಷಿನ್ ಐತ್ರಿ!”

“ಆದ್ರೇನಾತ? ಹಬ್ಬಕ್ಕ ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ ಹೋಳಗಿ ಎಡಿ ಹಿಡಿಯೂ ಮಂದಿ ನಾವು. ಅದೇನ ತಾಟ ಖಾಲಿ ಮಾಡತೈತೇನ?”

ಅಂದಿನಿಂದ, ಆ ಅನಾಥೆಗೆ ಬೇಜಾರಾಗಬಾರದೆಂದು, ಮನೆಯ ಸುದ್ದಿಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಅಣ್ಣನ ಗೊರಕೆ, ಎಮ್ಮೆಯ ಸಿಟ್ಟು, ನಾನು ಕದ್ದು ತಿಂದ ಉಂಡಿ! ಆ್ಯಪ್ ತಪ್ಪು ತಿದ್ದುತ್ತಿತ್ತು. ಸುದ್ದಿ ಮುಗಿಸುವ ಅವಸರದಲ್ಲಿ ಇವಳು ತಿದ್ದಿಕೊಂಡು ಮುಂದೆ ಓಡುತ್ತಿದ್ದಳು. ಅಡುಗೆಮನೆಯಿಂದ ಅವ್ವನ ಕೂಗು: “ಏ, ಮದರ್-ಇನ್-ಲಾ ಅಂದ್ರ ನಾನ ಅಲ್ಲೇನ? ಎಷ್ಟ ಸಲ ನನ್ನ ಹೆಸರ ತಗಿತಿ?”

ಮುಂದಿನ ಸೆಮಿನಾರ್ ಬಂತು. ವೈನಿ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟು, ಅದರ ಮುಖವನ್ನೇ ನೋಡುತ್ತ ಸಂತೆಯ ವ್ಯಾಪಾರದ ಬಗ್ಗೆ ಇಂಗ್ಲಿಷಿನಲ್ಲಿ ಪಟಪಟ ಹೇಳಿದಳು. ನಡುನಡುವೆ ‘ಡೋಂಟ್ ವರಿ, ಡಿಯರ್’ ಎಂದು ಅದಕ್ಕೆ ಸಮಾಧಾನ ಬೇರೆ! ಸರ್ ಬಿದ್ದುಬಿದ್ದು ನಕ್ಕರು, ಪಾಸೂ ಮಾಡಿದರು. ಬಾಟಲಿಯ ಮುಚ್ಚಳ ತೆಗೆದೇ ಇರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕರದಂಟು ಕೊಂಡು ನನಗಿತ್ತಳು, ಒಂದು ತುಂಡನ್ನು ಮೊಬೈಲಿಗೂ ತೋರಿಸಿದಳು.

“ಕೆಲಸ ಆತಲ್ರಿ ವೈನಿ, ಇನ್ನ ಆ ಆ್ಯಪ್ ತಗದ ಹಾಕೂನು,” ಎಂದೆ.

ಅವಳು ಮೊಬೈಲನ್ನು ಎದೆಗೆ ಅವುಚಿಕೊಂಡಳು. “ಬ್ಯಾಡ ತಂಗಿ. ನಾ ಈ ಮನಿಗೆ ಬಂದಾಗಿಂದ, ಇವತ್ತಿನ ದಿನ ಹೆಂಗಿತ್ತ ಅಂತ ನನ್ನ ಕೇಳಿದಾಕಿ ಇಕಿ ಒಬ್ಬಾಕಿನ.”

ಬಸ್ಸು ಬಂತು. ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟು, ಬಾಜೂ ಕುಳಿತು ಕೇಳಿದೆ:

“ವೈನಿ, ಇವತ್ತಿನ ದಿನ ಹೆಂಗಿತ್ರಿ?”

ಅವಳು ನನ್ನನ್ನೇ ನೋಡಿದಳು. ಮೊಬೈಲನ್ನು ಚೀಲದಲ್ಲಿಟ್ಟಳು. “ಮೊದಲ ನಿಂದ ಊಟ ಆತೇನ ಹೇಳು,” ಎಂದವಳು, ಕಣ್ಣೊರೆಸಿಕೊಂಡು ಶುರುಮಾಡಿದಳು. ಮಮದಾಪುರ ಬಂದರೂ ಅವಳ ಮಾತು ಮುಗಿದಿರಲಿಲ್ಲ.